ತಗ್ಗುಕೇರಿಯ ಸೊಳ್ಳೆ ಇನ್‌ಸ್ಪೆಕ್ಟರು

ಆರೋಗ್ಯ ಇಲಾಖೆಯಲ್ಲಿ ದುಡಿದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಕ್ಕು ಮುಗಿದ ಮೇಲೆ ‘ಯಾಕಪ್ಪಾ ನಕ್ಕೆ’ ಎನಿಸುವಂಥವೇ ಅವುಗಳಲ್ಲಿ ಹೆಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಕಾಪುವಿನ ಕಡೆಗೆ ಹಾಕಿದರು. ಆನೆಕಾಲು ರೋಗ ಹರಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಜನ ಇಟ್ಟ ಹೆಸರು ಸೊಳ್ಳೆ ಇನ್‌ಸ್ಪೆಕ್ಟರು.

ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಒಂದು ತಗ್ಗುಕೇರಿ ಇತ್ತು. ಅಲ್ಲಿಯ ನೀರೆಲ್ಲ ಒಂದು ತೋಡಿನಲ್ಲಿ ಹರಿದು ಹೊಳೆ ಸೇರಬೇಕು. ಆದರೆ ಕೇರಿಯ ಗುರಿಕಾರರು ತಮ್ಮ ತೆಂಗಿನ ತೋಟಕ್ಕೆ ಲಾರಿ ಹೋಗಲೆಂದು ತೋಡಿಗೆ ಅಡ್ಡ ಮಣ್ಣು ಹಾಕಿಸಿದ್ದರು, ಮೋರಿ ಇಡಿಸಿರಲಿಲ್ಲ. ನೀರು ನಿಂತು ಸೊಳ್ಳೆಗಳ ಬೀಡಾಗಿತ್ತು. ಗುರಿಕಾರರೆಂದರೆ ಜಾತಿಯ ಹಿರಿಯರು. ಮದುವೆಯಾಗಲಿ, ಸತ್ತವರ ಬೊಜ್ಜವಾಗಲಿ, ಯಾವುದೂ ಅವರಿಲ್ಲದೆ ನಡೆಯದು. ಸಾಲದ್ದಕ್ಕೆ ಪಂಚಾಯತ್ ಸದಸ್ಯರು ಬೇರೆ. ನಾನು ಹೋಗಿ ಹೇಳಿದರೆ, “ಸೊಳ್ಳೆಯನ್ನು ಹುಟ್ಟಿಸಿದ್ದು ದೇವರು, ನಾನಲ್ಲ” ಎನ್ನುತ್ತಿದ್ದರು.

ಅದೇ ಕೇರಿಯಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ಇದ್ದರು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಅಕ್ಕನ ಎಡಗಾಲು ಊದಿ ಕಂಬವಾಗಿತ್ತು. ಮಣಿಪಾಲಕ್ಕೆ ಹೋಗಿ ತೋರಿಸಿದರೆ, ಇಷ್ಟಾದ ಮೇಲೆ ಪೂರ್ತಿ ಇಳಿಯುವುದಿಲ್ಲ ಎಂದರಂತೆ. “ನನ್ನ ಕಾಲು ಹೋಗಲಿ ಇನ್‌ಸ್ಪೆಕ್ಟ್ರೇ. ಇದನ್ನು ನೋಡಿ ಮಗಳನ್ನು ಕೇಳಲಿಕ್ಕೆ ಯಾರೂ ಬರುವುದಿಲ್ಲ. ಅದಕ್ಕೆ ನಿಮ್ಮಲ್ಲಿ ಮದ್ದು ಉಂಟಾ?” ಎಂದು ಕೇಳಿದ್ದರು.

ಬಾವಿಯ ಮೀನು

ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳನ್ನು ಬಾವಿಗಳಿಗೆ ಬಿಡುವುದು ನಮ್ಮ ಕ್ರಮ. ಉದ್ಯಾವರದ ಕಡೆ ಒಬ್ಬ ಅರ್ಚಕರ ಮನೆಗೆ ಹೋದಾಗ ಭಟ್ಟರು ಬಾವಿಗೆ ಅಡ್ಡ ನಿಂತರು.

“ನಾವು ಮೀನು ತಿನ್ನುವವರಲ್ಲ.”

“ತಿನ್ನುವುದು ನೀವಲ್ಲ ಭಟ್ರೇ, ಮೀನು. ಸೊಳ್ಳೆಮರಿಯನ್ನು.”

“ಹಾಗಾದರೆ ನಮ್ಮ ಬಾವಿಯೊಳಗೇ ಮಾಂಸಾಹಾರ!”

ನಾನು ಮತ್ಸ್ಯಾವತಾರದವರೆಗೆ ಹೋಗಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ, “ರಾತ್ರಿ ಸೊಳ್ಳೆ ಓಡಿಸುವವಳು ನಾನು. ಬಿಡಲಿ ಅವರು” ಎಂದರು. ಬಿಟ್ಟೆ.

ಮುಂದಿನ ಸಲ ಹೋಗಿ ನೋಡುತ್ತೇನೆ, ಮೀನು ದಷ್ಟಪುಷ್ಟವಾಗಿವೆ, ಸೊಳ್ಳೆಮರಿಗಳೂ ಅಷ್ಟೇ ಸುಖವಾಗಿವೆ! ಇದೆಂತ ಎಂದು ಕೇಳಿದರೆ ಭಟ್ಟರ ಮುಖ ಅರಳಿತು. “ಪಾಪ, ಹುಳ ತಿಂದು ಯಾಕೆ ಬದುಕಬೇಕು ಅಂತ ದಿನಾ ನೈವೇದ್ಯದ ಅನ್ನ ಹಾಕುತ್ತಿದ್ದೇನೆ. ಈಗ ಎಲ್ಲವೂ ಶುದ್ಧ ಸಸ್ಯಾಹಾರಿ!”

ಬೀಗದ ಕೋಣೆ

ತಗ್ಗುಕೇರಿಯ ಕೆಲವು ಮನೆಗಳಿಗೆ ಸರಕಾರ ಪಾಯಿಖಾನೆ ಕಟ್ಟಿಸಿಕೊಟ್ಟಿತು. ನೋಡಲು ಉಡುಪಿಯಿಂದ ಸಾಹೇಬರು ಬಂದರು. ಅಕ್ಕನ ನೆರೆಮನೆಯದ್ದಕ್ಕೆ ಬೀಗ. ಮನೆಯಾಕೆ ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು. ಒಳಗೆ ಅಕ್ಕಿಯ ಗೋಣಿ, ಮಕ್ಕಳ ಪುಸ್ತಕ, ಮಡಚಿಟ್ಟ ಒಂದು ರೇಷ್ಮೆ ಸೀರೆ.

ಸಾಹೇಬರು ಕೆಂಡವಾದರು. “ಇದು ಯಾತಕ್ಕೆ ಕಟ್ಟಿಸಿದ್ದು ಅಂತ ಗೊತ್ತುಂಟಾ ನಿಮಗೆ?”

“ಗೊತ್ತುಂಟು ಸ್ವಾಮಿ,” ಎಂದಳು ಆಕೆ. “ನಮ್ಮ ಮನೆಯ ಮಾಡು ಮುಳಿಹುಲ್ಲಿನದ್ದು, ಮಳೆಗೆ ಸೋರುತ್ತದೆ. ಸಿಮೆಂಟಿನ ಮಾಡು ಇರುವುದು ಇದಕ್ಕೊಂದಕ್ಕೇ. ಅಕ್ಕಿ ನೆನೆದರೆ ಊಟ ಇಲ್ಲ. ಊಟವೇ ಇಲ್ಲದಿದ್ದರೆ ಇದರೊಳಗೆ ಬಂದು ಎಂತ ಮಾಡುವುದು?”

ಸಾಹೇಬರು ಸೀದಾ ಹೋಗಿ ಜೀಪು ಹತ್ತಿದರು. ಹತ್ತಿದ ಮೇಲೆ, “ಹೆಂಗಸು ಹೇಳಿದ್ದರಲ್ಲಿ ತಪ್ಪೆಲ್ಲಿ ಉಂಟು ಹೇಳಿ ನೋಡುವ” ಎಂದು ನನ್ನ ಮೇಲೆಯೇ ರೇಗಿದರು.

ಆಟಿಯ ಮದ್ದು

ಮಾತ್ರೆ ಹಂಚುವುದು ಇನ್ನೊಂದು ಪಾಡು. ಎದುರಿಗೆ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು, ನಾನು ಬೆನ್ನು ತಿರುಗಿಸಿದ ಕೂಡಲೇ ಅಂಗಳಕ್ಕೆ ಎಸೆಯುತ್ತಿದ್ದರು. ಕೋಳಿಗಳು ಹೆಕ್ಕುತ್ತಿದ್ದವು. ಕೇರಿಯಲ್ಲಿ ಆನೆಕಾಲಿನ ಭಯವಿಲ್ಲದೆ ಓಡಾಡಿದ್ದು ಅವು ಮಾತ್ರ.

ಆಟಿ, ಅಂದರೆ ಆಷಾಢದ, ಅಮಾವಾಸ್ಯೆಯ ಬೆಳಿಗ್ಗೆ ಇದೇ ಜನ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು, ರೋಗ ಬಾರದಿರಲೆಂದು ಆ ಕಷಾಯವನ್ನು ತುಟಿಪಿಟಕ್ ಎನ್ನದೆ ಕುಡಿಯುತ್ತಾರೆ. ವಿಷದಂಥ ಕಹಿ! ಒಂದು ಆಟಿಯಲ್ಲಿ ನಾನೂ ಹೊತ್ತು ಮೂಡುವಾಗಲೇ ಹೋಗಿ ಅವರ ಜೊತೆ ಕಷಾಯ ಕುಡಿದು, ಮೆಂತೆ ಗಂಜಿ ಬರುವ ಮೊದಲು ಮಾತ್ರೆ ನೀಡಿದೆ. ಎಲ್ಲರೂ ನುಂಗಿದರು. ಒಬ್ಬ ಅಜ್ಜಿ ಮಾತ್ರ ನಾಲಗೆಯ ತುದಿಗೆ ಮುಟ್ಟಿಸಿ ನೋಡಿ ಹಿಂದಕ್ಕೆ ಕೊಟ್ಟರು. “ಮುಖ ಕೂಡ ಸೊಟ್ಟ ಆಗಲಿಲ್ಲ ಮಾರಾಯ. ಸರಕಾರ ನಿನಗೂ ಮೋಸ ಮಾಡಿದೆ.”

ಹರಿವಾಣ

ಕೊನೆಗೂ ಕಾರ್ಕಳದಾಚೆ ಬಜಗೋಳಿಯಿಂದ ಅಕ್ಕನ ದೊಡ್ಡ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಟೈಲರು, ಒಪ್ಪಿದ್ದ. ಆದರೆ ನಮ್ಮಲ್ಲಿ ಹುಡುಗ ಒಪ್ಪಿದರೆ ಸಾಲದು, ಅವನ ಸೋದರಮಾವ ಒಪ್ಪಬೇಕು. ನಿಶ್ಚಯದ ಸಂಜೆ ಅಕ್ಕ ನನ್ನನ್ನೂ ಕರೆದರು. “ರೋಗದ ಮಾತು ಬಂದರೆ ನೀವು ಒಂದು ಮಾತು ಹೇಳಬೇಕು” ಎಂದು ಹೇಳಿ ತಾವು ಬಾಗಿಲ ಹಿಂದೆ ಕೂತರು.

ಮಾವ ದಪ್ಪ ಮೀಸೆಯವರು. ವೀಳ್ಯದ ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅದು ನಮ್ಮ ಗುರಿಕಾರರ ಕೈಗೆ ದಾಟಿದರೆ ಸಂಬಂಧ ಗಟ್ಟಿಯಾದಂತೆ. ದಾಟಿಸುವ ಮೊದಲು ಕೇಳಿದರು: “ತಾಯಿಯ ಕಾಲಿನದ್ದು ವಂಶದಲ್ಲಿ ಬರುವಂಥದ್ದಾ?”

“ಅಲ್ಲ. ಅದು ಸೊಳ್ಳೆಯಿಂದ ಬರುವುದು,” ಎಂದೆ.

“ಎಂಥ ಸೊಳ್ಳೆ?”

ಹೊತ್ತು ಕಂತುತ್ತಿತ್ತು. ಒಂದು ಅವರ ಮೂಗಿನ ಮೇಲೆಯೇ ಬಂದು ಕೂತಿತು. “ಅದೇ,” ಎಂದೆ.

ಮಾವನಿಗೆ ಹೊಡೆಯುವಂತಿಲ್ಲ, ಕೈಯಲ್ಲಿ ಹರಿವಾಣ. ಕೆಳಗೆ ಇಡುವಂತೆಯೂ ಇಲ್ಲ, ವೀಳ್ಯವನ್ನು ನೆಲಕ್ಕಿಟ್ಟರೆ ಅಪಶಕುನ. ಊದಿದರು, ಮೂಗು ಕುಣಿಸಿದರು, ಮೀಸೆ ಹಾರಿಸಿದರು. “ಈಗ ನನಗೂ ಬಂತಾ?” ಎಂದರು ಗಾಬರಿಯಲ್ಲಿ.

“ಒಂದೆರಡು ಕಡಿತಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಇಲ್ಲೇ ಬದುಕುವವರಿಗೆ ಬರುವುದು. ತೋಡು ಮುಚ್ಚಿ ನೀರು ನಿಂತಿದೆ.”

“ಮುಚ್ಚಿದ್ದು ಯಾರು?”

ಚಾವಡಿಯಲ್ಲಿದ್ದವರೆಲ್ಲ ಮಾಡಿನ ಹಂಚು ನೋಡತೊಡಗಿದರು. ಗುರಿಕಾರರು ಎಲೆಯಡಿಕೆಯ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ನಾನೂ ಹಂಚನ್ನೇ ನೋಡಿದೆ. ಆಗ ಅಕ್ಕ ಬಾಗಿಲ ಹಿಂದಿನಿಂದ ಎದ್ದು ಬಂದರು. ಕಾಲನ್ನು ಸೀರೆಯಿಂದ ಮುಚ್ಚಲೂ ಇಲ್ಲ.

“ನಮ್ಮ ಗುರಿಕಾರರೇ,” ಎಂದರು. “ಮಗಳು ಬೇಡ ಅಂತಾದರೆ ಬೇಡ ಅನ್ನಿ. ನನ್ನ ಹೊಟ್ಟೆಯ ದೋಷ ಅಂತ ಮಾತ್ರ ಹೇಳಬೇಡಿ. ದೋಷ ಆ ಮಣ್ಣಿನದ್ದು.”

ಇಷ್ಟು ವರ್ಷ ನಾನು ಮಾಡಿದ ಭಾಷಣಗಳೆಲ್ಲ ಆ ಮಾತಿನ ಮುಂದೆ ಏನೂ ಅಲ್ಲ.

ಮಾವ ಹರಿವಾಣವನ್ನು ಎದೆಗೆ ಒತ್ತಿ ಹಿಡಿದು ಹೇಳಿದರು: “ಹುಡುಗಿ ನಮಗೆ ಒಪ್ಪಿಗೆ. ಆದರೆ ಗುರಿಕಾರರೇ, ದಿಬ್ಬಣ ಬರುವ ಮೊದಲು ತೋಡು ಬಿಡಿಸುತ್ತೇನೆ ಅಂತ ಸಭೆಯಲ್ಲಿ ಮಾತು ಕೊಡಿ. ಅಲ್ಲಿಯವರೆಗೆ ಹರಿವಾಣ ನನ್ನ ಕೈಯಲ್ಲೇ. ಬೇಗ ಹೇಳಿ ಮಾರಾಯ್ರೆ, ಕಿವಿಗೆ ಇನ್ನೊಂದು ಬಂತು!”

ವೀಳ್ಯದ ಮುಂದೆ ಕೊಟ್ಟ ಮಾತಿಗೆ ತಪ್ಪಿದರೆ ಗುರಿಕಾರಿಕೆಗೆ ಮರ್ಯಾದೆ ಉಳಿಯುವುದಿಲ್ಲ. ಕೊಟ್ಟರು. ಹರಿವಾಣ ದಾಟಿತು. ಮುಂದಿನ ವಾರ ಕೇರಿಯವರೆಲ್ಲ ಹಾರೆ ಬುಟ್ಟಿ ಹಿಡಿದು ಬಂದರು. ಗುರಿಕಾರರು ತಾವೇ ನಿಂತು ಸಿಮೆಂಟಿನ ಪೈಪು ಇಡಿಸಿದರು. ಕಪ್ಪು ನೀರು ಹೊಳೆಯ ಕಡೆ ಹೊರಟಿತು. ಅಕ್ಕ ದಡದಲ್ಲಿ ನಿಂತು ನೋಡುತ್ತಿದ್ದರು. “ಇದು ಮೊದಲೇ ಹೋಗಿದ್ದರೆ...” ಎಂದರು.

ಮದುವೆಯ ದಿನ ಊಟದ ಪಂಕ್ತಿಯಲ್ಲಿ ಗುರಿಕಾರರು ತೋಡು ಬಿಡಿಸಿದ ಸಾಹಸವನ್ನು ಬಜಗೋಳಿಯವರಿಗೆ ವಿವರಿಸುತ್ತಿದ್ದರು. ಅಕ್ಕ ಕಾಲೆಳೆದುಕೊಂಡು ನನ್ನ ಎಲೆಯ ಹತ್ತಿರ ಬಂದು ಬಗ್ಗಿದರು. ಪಾಯಸ ಬೇಕಾ ಎಂದು ಕೇಳುತ್ತಾರೆಂದುಕೊಂಡೆ.

“ಇನ್‌ಸ್ಪೆಕ್ಟ್ರೇ, ಕಿರಿಯವಳಿಗೂ ಬೇಗ ಒಂದು ಸಂಬಂಧ ನೋಡಿ,” ಎಂದರು ಮೆಲ್ಲಗೆ. “ಸೋದರಮಾವ ಇದೇ ರೀತಿ ಜೋರಿನವರು ಇರಲಿ. ಕೇರಿಯ ಬಾವಿಗೆ ಕಟ್ಟೆ ಆಗಬೇಕು.”