ಮಿಂಗ್ ಸಮಾಧಿಯಿಂದ ಕ್ಯಾಂಟನ್ ಗ್ಯಾರೇಜಿಗೆ

ನಾನು ಸುಮ್ಮನೆ ಹೋಗಿ ಸುಮ್ಮನೆ ಬಂದ ಊರು ಭೂಮಿಯ ಮೇಲೆ ಒಂದೂ ಇಲ್ಲ. ಬೇರೆಯವರು ಫೋಟೋ ತರುತ್ತಾರೆ, ನಾನು ಪ್ರಸಂಗ ತರುತ್ತೇನೆ. ಆಗ ಡೆಟ್ರಾಯ್ಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕೆಲಸ. ಕಾರಿನ ಬ್ರೇಕಿನ ವಿಷಯದಲ್ಲಿ ನನ್ನನ್ನು ಬಿಟ್ಟರೆ ಗತಿಯಿಲ್ಲ ಅಂತ ಕಂಪನಿ ಬೀಜಿಂಗ್‌ಗೆ ಕಳಿಸಿತು. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ. ವಾಪಸು ಹೊರಡುವ ದಿನ ಬೆಳಿಗ್ಗೆ ಮಿಂಗ್ ಚಕ್ರವರ್ತಿಗಳ ಸಮಾಧಿ ನೋಡಿ, ಅಲ್ಲಿಂದ ಸೀದಾ ಏರ್‌ಪೋರ್ಟು ಎಂದು ಪ್ಲಾನ್ ಮಾಡಿದೆ. ಜೊತೆಗೆ ಹುಬ್ಬಳ್ಳಿ ಕಡೆಯ ಸಹೋದ್ಯೋಗಿ ಗೆಳೆಯ.

೧. ಕಲ್ಲಾನೆಗಳ ಡ್ಯೂಟಿ

ಸಮಾಧಿಯ ದಾರಿಯುದ್ದಕ್ಕೂ ಕಲ್ಲಿನ ಆನೆ, ಒಂಟೆ. "ಕಾರು ಒಳಗೆ ಬಿಡಿ" ಎಂದೆ. ಗೈಡ್ ಹುಡುಗಿ, "ಮಂತ್ರಿಗಳೂ ಇಲ್ಲಿ ಕುದುರೆ ಇಳಿದು ನಡೆಯಬೇಕಿತ್ತು ಸರ್" ಎಂದಳು. ಡೆಟ್ರಾಯ್ಟ್ ಕಡೆಯವನು ಅರ್ಧ ಮೈಲಿ ನಡೆಯುವುದು ಕಾರು ಕೆಟ್ಟಾಗ ಮಾತ್ರ. ಗಡಿಯಾರ ನೋಡುತ್ತಾ ಓಡುನಡಿಗೆಯಲ್ಲೇ ಹೊರಟೆ.

ಪ್ರತಿ ಪ್ರಾಣಿಯದೂ ಒಂದು ಜೋಡಿ ನಿಂತಿದೆ, ಒಂದು ಜೋಡಿ ಕೂತಿದೆ. ಯಾಕೆಂದು ಗೆಳೆಯ ಕೇಳಿದ. "ಅರ್ಧರಾತ್ರಿ ಡ್ಯೂಟಿ ಬದಲಾಯಿಸ್ತವೆ ಅಂತ ನಂಬಿಕೆ" ಎಂದಳು ಗೈಡ್.

ಗೆಳೆಯ ನನ್ನ ಕಡೆ ತಿರುಗಿದ. "ನೋಡ್ರಿ, ಇವಕ್ಕೂ ಎರಡು ಶಿಫ್ಟ್. ನಮ್ಮ ಪ್ಲಾಂಟಿನ ಮಂದೀಗಿಂತ ಚುರುಕ ಕಾಣ್ತಾವ."

೨. ಕೆಂಪು ಪೆಟ್ಟಿಗೆ

ಚಕ್ರವರ್ತಿಯನ್ನು ಹೂಳಿದ ನೆಲದಡಿಯ ಅರಮನೆಗೆ ಮೆಟ್ಟಿಲು ಇಳಿದೇ ಇಳಿದೆವು. ನನಗೋ ವಿಮಾನದ ಚಿಂತೆ. "ಬೇಗ, ಬೇಗ" ಅಂತ ಗೆಳೆಯನ ತೋಳು ಜಗ್ಗಿದೆ.

"ಯಾಕ್ರೀ ಅವಸರ? ನಾನೂರು ವರ್ಷದಿಂದ ಮಲಗ್ಯಾರ. ಇವತ್ತೇ ಎದ್ದು ಹೋಗ್ತಾರೇನು?"

ಅವನನ್ನು ಬಿಟ್ಟು ಮುಂದೆ ಓಡಿದೆ. ದೊಡ್ಡ ಕೆಂಪು ಶವಪೆಟ್ಟಿಗೆಯ ಮುಂದೆ ಕಣ್ಣುಮುಚ್ಚಿ ಕೈಮುಗಿದು ನಿಂತೆ. ಹಿಂದಿದ್ದ ಪ್ರವಾಸಿಗರೂ ನನ್ನನ್ನು ನೋಡಿ ತಲೆ ತಗ್ಗಿಸಿದರು. ನನ್ನ ವರ್ಚಸ್ಸೇ ಅಂಥದ್ದು. ಗೈಡ್ ಏದುಸಿರು ಬಿಡುತ್ತಾ ಬಂದಳು. "ಸರ್, ಅದು ಆಮೇಲೆ ಮಾಡಿಟ್ಟ ನಕಲಿ ಪೆಟ್ಟಿಗೆ. ಒಳಗೆ ಯಾರೂ ಇಲ್ಲ."

೩. ಬಾಗಿಲಲ್ಲಿ

ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನ ನಮ್ಮ ಮನೆ ತಲುಪಿದಾಗ, ಕಾಲಮಾನದ ಮಹಿಮೆಯಿಂದ ಇಲ್ಲಿನ್ನೂ ಅದೇ ದಿನದ ಸಂಜೆ; ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಮೈನಸ್ ಹನ್ನೆರಡು. ಬಿಸಿ ಅನ್ನ, ಸಾರು, ಹಾಸಿಗೆ ಇಷ್ಟೇ ತಲೆಯಲ್ಲಿ. ಬಾಗಿಲು ತೆರೆದವರು ಮೈಸೂರಿಂದ ಬಂದಿದ್ದ ನಮ್ಮತ್ತೆ. ಸಮಾಧಿ ನೋಡಿದ್ದನ್ನು ಏರ್‌ಪೋರ್ಟಿಂದ ಫೋನಿನಲ್ಲಿ ಹೇಳಿದ್ದೇ ತಪ್ಪಾಗಿತ್ತು.

"ಅಲ್ಲೇ ನಿಲ್ಲಿ ಅಳಿಯಂದಿರೇ. ಸ್ಮಶಾನದಿಂದ ಬರ್ತಿದ್ದೀರಿ. ಸ್ನಾನ ಮಾಡಿ ಒಳಗೆ ಬನ್ನಿ."

"ಸ್ನಾನದ ಮನೆ ಒಳಗೇ ಇದೆಯಲ್ಲ, ಅತ್ತೆ."

"ಅದನ್ನ ಮನೆ ತಗೊಳ್ಳೋವಾಗ ಯೋಚಿಸಬೇಕಿತ್ತು."

"ಅವರು ಸತ್ತು ನಾನೂರು ವರ್ಷ ಆಯ್ತು."

"ನೀವು ಹೋಗಿದ್ದು ಯಾವಾಗ?"

"ಇವತ್ತು."

"ಹಾಗಿದ್ರೆ ಮೈಲಿಗೆ ಇವತ್ತಿಂದು."

"ಅಲ್ಲಿದ್ದದ್ದು ಖಾಲಿ ಪೆಟ್ಟಿಗೆ, ಅತ್ತೆ."

"ಖಾಲಿ ಪೆಟ್ಟಿಗೆ ನೋಡೋಕೆ ಅಷ್ಟು ದೂರ ಯಾರು ಹೋಗ್ತಾರೆ?"

ನಾನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದೆ. ಒಳಗಿಂದ ಮಗಳು ಕೂಗಿದಳು: "ಡ್ಯಾಡ್, ಕ್ಲೋಸ್ ದ ಡೋರ್, ಐಯಾಮ್ ಫ್ರೀಜಿಂಗ್."

ಕೊನೆಗೆ ಹೆಂಡತಿ ಗ್ಯಾರೇಜಿಗೆ ಎರಡು ಬಕೆಟ್ ಬಿಸಿನೀರು, ಒಂದು ಟವೆಲ್ ತಂದಿಟ್ಟಳು. ಎರಡನೇ ಬಕೆಟ್ ಸುರಿದುಕೊಳ್ಳುವಷ್ಟರಲ್ಲಿ ಮೊದಲನೆಯದರ ನೀರು ನೆಲದ ಮೇಲೆ ಹೆಪ್ಪುಗಟ್ಟಿತ್ತು. ಮನೆಯೊಳಕ್ಕೆ ಸ್ಕೇಟಿಂಗ್ ಮಾಡಿಕೊಂಡೇ ಬಂದೆ.

ಊಟವಾದ ಮೇಲೆ, ಅತ್ತೆಗೆಂದು ಸಮಾಧಿಯ ಗೇಟಿನ ಅಂಗಡಿಯಲ್ಲಿ ಕೊಂಡ ರೇಷ್ಮೆ ಶಾಲು ಕೊಟ್ಟೆ. ತಕ್ಷಣ ಹೊದ್ದು ಕನ್ನಡಿ ಮುಂದೆ ನಿಂತರು.

"ಅತ್ತೆ, ಅದೂ ಸ್ಮಶಾನದಿಂದಲೇ ಬಂದಿದ್ದು" ಎಂದೆ, ಗ್ಯಾರೇಜಿನ ಬಾಗಿಲು ತೋರಿಸುತ್ತಾ.

ಅತ್ತೆ ಸೆರಗು ಹೊದ್ದಷ್ಟೇ ಅಂದವಾಗಿ ಶಾಲು ಸರಿಪಡಿಸಿಕೊಂಡರು. "ರೇಷ್ಮೆಗೆ ಮೈಲಿಗೆ ಇಲ್ಲ, ಅಳಿಯಂದಿರೇ. ನೀವೂ ಇದನ್ನೇ ಹೊದ್ಕೊಂಡು ಬಂದಿದ್ರೆ ಸೀದಾ ಒಳಗೆ ಬಿಡ್ತಿದ್ದೆ."