ಮಾಮುವಿನ ಮೀನು ನೀತಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಮಾಮು, ಅಂದರೆ ಅಮ್ಮಿಯ ಅಣ್ಣ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಶಿರಸಿಯಲ್ಲಿ ಮೀನಿನ ಅಂಗಡಿ ಇಟ್ಟುಕೊಂಡು, ಬಂದ ಗಿರಾಕಿಯನ್ನು ಮೀನು ಕೊಡದೆ ಕಳಿಸುವ ಮನುಷ್ಯ ನನ್ನ ಭವಿಷ್ಯ ಹೇಳಿದರೆ ಯಾರಾದರೂ ನಂಬುತ್ತಾರೆಯೇ?

ಮಾಮು ಮೊದಲು ಹೀಗಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಕುಮಟಾಕ್ಕೆ ಮೀನು ತರಲು ಹೋದವರು, ಚಾ ಸಿಗುತ್ತದೆಂದು ಯಾವುದೋ ಸರ್ಕಾರಿ ಸಭೆಯಲ್ಲಿ ಕುಳಿತು, ಒಂದು ಕಾಗದ ಹಿಡಿದುಕೊಂಡು ಬಂದರು. ದೇಶದ ಮೀನು ಸಂಪತ್ತನ್ನು ಹೇಗೆ ಕಾಪಾಡಬೇಕು ಎಂಬ ನೀತಿ ಚಿತ್ರ ಸಮೇತ ಅದರಲ್ಲಿತ್ತು. ಮಳೆಗಾಲದಲ್ಲಿ ಬೋಟು ಇಳಿಸಬಾರದು. ಒಮ್ಮೆಯಾದರೂ ಮೊಟ್ಟೆ ಇಡುವಷ್ಟು ಬೆಳೆಯುವ ಮೊದಲು ಮೀನು ಹಿಡಿಯಬಾರದು. ಯಾವ ಮೀನು ಎಷ್ಟು ಉದ್ದ ಇರಬೇಕು, ಎಲ್ಲ. ಮಾಮುವಿಗೆ ಓದಲು ಬಾರದು. ಮೂರು ದಿನ ನನ್ನಿಂದ ಓದಿಸಿಕೊಂಡರು. ನಾಲ್ಕನೇ ದಿನ ನನ್ನ ಅಡಿಪಟ್ಟಿ ಕಾಣೆಯಾಯಿತು.

ಆ ನೀತಿಯನ್ನು ದೆಹಲಿಯಲ್ಲಿ ಎಷ್ಟು ಜನ ಕೂತು ಬರೆದರೋ ಗೊತ್ತಿಲ್ಲ. ಶಿರಸಿಯಲ್ಲಿ ಜಾರಿಗೆ ತಂದವರು ಮಾತ್ರ ಒಬ್ಬರೇ. ಘಟ್ಟ ಹತ್ತಿ ಬಂದ ಬಂಗಡೆಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಮಲಗಿಸಿ ಅಳೆಯುವುದು, ಗಿಡ್ಡವಾದದ್ದನ್ನು ಪಕ್ಕಕ್ಕೆ ಹಾಕುವುದು.

"ಅದನ್ನೇ ಕೊಡು ಮಾರಾಯ, ಹುರಿಯೋಕೆ ಚಲೋ ಆಗ್ತದೆ" ಎನ್ನುತ್ತಿದ್ದರು ಗಿರಾಕಿಗಳು.

"ಸಣ್ಣದು. ಮಾರೋದಿಲ್ಲ."

"ಸತ್ತೇ ಹೋಗಿದ್ಯಲ್ಲ. ವಾಪಸ್ ಬಿಟ್ರೆ ಈಜ್ತದಾ?"

"ಇವತ್ತು ನೀವು ತಗೊಂಡ್ರೆ ನಾಳೆನೂ ಇಂಥದ್ದೇ ಹಿಡೀತಾರೆ."

ಸಣ್ಣವನ್ನೆಲ್ಲ ಅದೇ ಗಾಡಿಯಲ್ಲಿ ಕುಮಟಾಕ್ಕೆ ವಾಪಸು ಕಳಿಸುತ್ತಿದ್ದರು. ಅಲ್ಲಿಯವರೂ ಬಿಡುವವರಲ್ಲ. ಒಂದು ಬುಟ್ಟಿ ತಾರ್ಲೆ ಮೀನು ಘಟ್ಟವನ್ನು ಹತ್ತಿ, ಇಳಿದು, ಮತ್ತೆ ಹತ್ತಿ ಬಂತು. ಎರಡನೇ ಸಲ ಅದು ಬಂದದ್ದನ್ನು ನಾವು ಕಣ್ಣಿನಿಂದ ನೋಡಿ ತಿಳಿಯಬೇಕಾಗಿರಲಿಲ್ಲ.

ಮೂಗಿಗೆ ಶಾಲು ಹಿಡಿದು ಬಸ್ಸಿಗೆ ಕಾಯುತ್ತಿದ್ದ ಹುಲೇಕಲ್ಲಿನ ಹೆಗಡೆಯೊಬ್ಬರಿಗೆ ಮಾಮುವಿನ ವ್ಯಾಪಾರದಲ್ಲಿ ವಿಶೇಷ ಆಸಕ್ತಿ.

"ಆನು ತಿಂಬವ ಅಲ್ಲ, ಆದ್ರೂ ಕೇಳ್ತೆ. ಇವತ್ತು ಎಷ್ಟು ಜನಕ್ಕೆ ಮೀನು ಇಲ್ಲೆ ಹೇಳಿ ಕಳ್ಸಿದೆ?"

"ಆರು ಜನಕ್ಕೆ, ಹೆಗಡೇರೆ."

"ಅಡ್ಡಿಲ್ಲೆ. ನಿಧಾನಕ್ಕೆ ನಮ್ಮ ಪೈಕಿಯೇ ಆಗ್ತೆ ನೀನು."

ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಗದ್ದೆಯ ಕಡೆ ಹತ್ತಿ ಬರುತ್ತದೆ. ಒಂದು ವರ್ಷ ಸಿದ್ದಾಪುರದವನೊಬ್ಬ ಅಂಥದ್ದನ್ನು ಕೊಡಪಾನದ ತುಂಬ ತಂದು ಅಂಗಡಿಯ ಮುಂದೆ ಇಳಿಸಿದ. ಮಾಮು ಒಂದು ಮೀನಿನ ಹೊಟ್ಟೆ ಒತ್ತಿ ನೋಡಿದರು.

"ಹೆರಿಗೆಗೆ ತವರಿಗೆ ಹೊರಟವಳನ್ನ ಬಸ್ಸಿಂದ ಇಳಿಸ್ಕೊಂಡು ಬಂದ್ಯಾ?"

ಅವನು ಆಚೀಚೆ ನೋಡಿ, ಕೊಡಪಾನದ ಬಾಯಿ ಮುಚ್ಚಿಕೊಂಡು ಹೋದ. ಮಾಮುವಿನ ಕಾಗದದಲ್ಲಿ ಇದ್ದದ್ದು ಸಮುದ್ರದ ಮಾತು ಮಾತ್ರ. ಹೊಳೆಯನ್ನೂ ಸೇರಿಸಿದ್ದು ಅವರದೇ ತಿದ್ದುಪಡಿ.

ಇನ್ನು ನನ್ನ ಡಿಗ್ರಿಯ ಕತೆ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಮಾಮುವಿನ ಅಂಗಡಿಯಲ್ಲಿ ಮೀನು ಸ್ವಚ್ಛ ಮಾಡುವವಳು ಅಮ್ಮಿ. ಬೆಳಿಗ್ಗೆ ಅವಳ ಪಕ್ಕ ಕೂತು ಹುರುಪೆ ತೆಗೆದು, ಅಲ್ಲಿಂದಲೇ ಕಾಲೇಜಿಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ನನ್ನ ಪಕ್ಕದ ಜಾಗ ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಬಿ.ಎ. ಎರಡನೇ ವರ್ಷದ ಅರ್ಥಶಾಸ್ತ್ರದಲ್ಲಿ ಎರಡು ಸಲ ಫೇಲಾದೆ. ಗೂಡ್ಸ್ ಆಟೋ ಓಡಿಸುವ ಅಬ್ಬಾ ಬಟ್ಟೆ ಅಂಗಡಿಯೊಂದರಲ್ಲಿ ನನಗೆ ಕೆಲಸ ನೋಡಿ ಬಂದರು. ಸೋಮವಾರದಿಂದ ಹೋಗಬೇಕು, ಓದು ಸಾಕು ಎಂದರು. ನಾನು ಅಳಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ಭಾನುವಾರ ಮಾಮು ಬಂದರು. ಮನೆಯಲ್ಲಿ ನಮ್ಮದು ಉರ್ದು. ನೀತಿಯ ಮಾತು ಬಂದರೆ ಮಾತ್ರ ಅವರು ಕನ್ನಡಕ್ಕೆ ತಿರುಗುತ್ತಾರೆ, ಕಾಗದ ಕನ್ನಡದಲ್ಲಿತ್ತಲ್ಲ. ಅಂಗಿಯ ಜೇಬಿನಿಂದ ಅಡಿಪಟ್ಟಿ ತೆಗೆದು ನನ್ನ ತಲೆಯ ಮೇಲೆ ಅಡ್ಡ ಇಟ್ಟರು.

"ಅಳತೆಗೆ ಬಂದಿಲ್ಲ. ವಾಪಸ್ ಬಿಡು."

"ಇದು ಮೀನಲ್ಲ, ನನ್ನ ಮಗಳು" ಎಂದರು ಅಬ್ಬಾ.

"ಮೀನಿಗೇ ಸರ್ಕಾರ ಟೈಮ್ ಕೊಡ್ತದೆ. ಮಗಳಿಗೆ ನೀನು ಇನ್ನೊಂದು ಪರೀಕ್ಷೆ ಕೊಡಲ್ವಾ?"

"ಇವಳ ಕೈಲಿ ಆಗಲ್ಲ ಅಂದವರು ನೀವೇ ಅಲ್ವಾ?"

"ಅಂದೆ. ಅನ್ನೋದು ಬೇರೆ, ನಿಲ್ಸೋದು ಬೇರೆ."

ಸೋಮವಾರ ನಾನು ಬಟ್ಟೆ ಅಂಗಡಿಗೆ ಹೋಗಲಿಲ್ಲ. ಮೂರನೇ ಸಲ ಪಾಸಾದೆ. ಉಳಿದ ಪೇಪರುಗಳನ್ನೂ ಒಂದೊಂದಾಗಿ ಮುಗಿಸಿದೆ.

ಮೊನ್ನೆ ಪದವಿ ಪ್ರಮಾಣಪತ್ರ ಕೈಗೆ ಬಂತು. ಕಾಲೇಜಿನಿಂದ ನೇರ ಅಂಗಡಿಗೆ ಹೋಗಿ ಮಾಮುವಿಗೆ ಕೊಟ್ಟೆ. ಒಂದಿಷ್ಟು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದರು. ಏನಾದರೂ ತಮಾಷೆ ಬರುತ್ತದೆಂದು ಕಾದೆ. ಬರಲಿಲ್ಲ. ಹೆಸರು ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಸಾಲನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಒಳಗೆ ಹೋದರು. ಮೀನಿನ ರಾಶಿಯ ಮುಂದೆ ಕೂತಿದ್ದ ಅಮ್ಮಿಯ ಕೈಯಿಂದ ಚಾಕು ತೆಗೆದಿಟ್ಟು, ತಮ್ಮ ಟವೆಲಿನಿಂದ ಅವಳ ಎರಡೂ ಕೈ ಒರೆಸಿ, ಪ್ರಮಾಣಪತ್ರವನ್ನು ಅವಳಿಗೆ ಕೊಟ್ಟರು.

"ಶಾಲೆ ಬಿಡಿಸಿ ಕರ್ಕೊಂಡು ಬಂದು ನಿನ್ನ ಕೈಗೆ ಚಾಕು ಕೊಟ್ಟವನು ನಾನು" ಎಂದರು. "ನಿನಗಾಗ ಒಂಬತ್ತು ವರ್ಷ."