ಎರಡನೇ ಕಾರ್ಡಿನ ಹಾಜರಿ ವರದಿ

ಮುಂಡರಗಿ ರಸ್ತೆಯ ಜಂಟಿ ಕೊಂಡವಾಡ ಕಚೇರಿಯಲ್ಲಿ, ಹೊರಗಿನ ಪರದೆಯ ಮೇಲೆ ನಂಬರ್ ಮೂಡದ ಹೊರತು ಯಾವ ದನವನ್ನೂ ಬಿಡತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದ ದಿನದಿಂದ ಆ ಪರದೆ ಒಮ್ಮೆಯೂ ಹೊತ್ತಿರಲಿಲ್ಲ. ಆದ್ದರಿಂದ ನಿಯಮ ಒಮ್ಮೆಯೂ ಮುರಿದಿರಲಿಲ್ಲ. ಕಚೇರಿಗೆ ಇದಕ್ಕಾಗಿ ಪ್ರಶಂಸಾಪತ್ರವೂ ಬಂದಿತ್ತು.

ಕೊಂಡವಾಡವೆಂದರೆ ಬೀಡಾಡಿ ದನ ಕೂಡಿಹಾಕುವ ದೊಡ್ಡಿ. ಮುತ್ತವ್ವನ ಎಮ್ಮೆ ಅಲ್ಲಿ ಸೇರಿ ಹನ್ನೆರಡು ದಿನವಾಗಿತ್ತು. ಅದು ಬೀಡಾಡಿಯಲ್ಲ, ಬಸ್ ಸ್ಟ್ಯಾಂಡಿನ ಎದುರು ನಿಂತು ಮೆಲುಕು ಹಾಕಿದ್ದಷ್ಟೇ ಅದರ ಅಪರಾಧ. ಹಿಡಿದಾಗ ತುಂಬು ಗಬ್ಬ. ಮೂರನೇ ದಿನ ಅಲ್ಲೇ ಕರು ಹಾಕಿತು. ಅಂದಿನಿಂದ ಕಚೇರಿಯ ಚಹಾ ಗಟ್ಟಿಯಾಯಿತು. ಇದನ್ನು ಹೇಳುತ್ತಿರುವುದು ಕೇವಲ ಮಾಹಿತಿಗಾಗಿ.

ಪರದೆ ಯಾಕೆ ಹೊತ್ತುತ್ತಿಲ್ಲವೆಂದು ಮೇಲಿನಿಂದ ಪತ್ರ ಬಂತು. ಆಗ ಲಕ್ಷ್ಮೇಶ್ವರದಿಂದ ಅಫ್ರೀನಳನ್ನು ಕರೆಸಿದರು. ಅಪ್ಪ ಮಹಬೂಬಸಾಬನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು, ಕಾಲೇಜಿನ ಮೆಟ್ಟಿಲು ಹತ್ತದೆ, ಕಂಪ್ಯೂಟರಿನ ಹೊಟ್ಟೆಯೊಳಗಿನದನ್ನೆಲ್ಲ ಕಲಿತವಳು ಅವಳು. ಬಾಗಿಲಲ್ಲಿ ಮುದುಕಿ ಮುತ್ತವ್ವ ಎಮ್ಮೆ ಬಿಡಿಸಿಕೊಡೆಂದು ಅವಳ ಕೈ ಹಿಡಿದಳು. ಅಫ್ರೀನ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟಳು: "ನಾಳಿ ನಿಮ್ಮ ಎಮ್ಮಿ ನಿಮ್ಮ ಮನಿಯಾಗ ಇರತೈತಿ, ಆಯಿ."

ತಪ್ಪು ಸಿಗಲು ಅರ್ಧ ತಾಸು ಹಿಡಿಯಿತು. ಕಚೇರಿಯ ಕಂಪ್ಯೂಟರ್ ಯಂತ್ರದಲ್ಲಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಎರಡು. ಮೊದಲನೆಯದು ಒಳಗಿನ ಪರದೆಗೆ, ಎರಡನೆಯದು ಹೊರಗಿನದಕ್ಕೆ. ಗುಂಡಿ ಒತ್ತಿದರೆ ಯಂತ್ರ ತಾನಾಗಿ ಮೊದಲನೆಯದನ್ನಷ್ಟೇ ಎಬ್ಬಿಸುತ್ತಿತ್ತು. ಎರಡನೆಯದನ್ನು ಎಬ್ಬಿಸಬೇಕಾದದ್ದು ಕರ್ನಲ್, ಅಂದರೆ ಇಡೀ ಯಂತ್ರ ನಡೆಸುವ ವ್ಯವಸ್ಥೆಯ ತಿರುಳು. ತನ್ನನ್ನು ಹೇಗೆ ಎಬ್ಬಿಸಬೇಕೆಂದು ಆ ಕಾರ್ಡಿನ ಮೈಮೇಲಿನ ಚಿಪ್‌ನಲ್ಲೇ ಬರೆದಿತ್ತು. ಇಲ್ಲಿಯ ಕರ್ನಲ್ ಅದನ್ನು ಓದುತ್ತಲೇ ಇರಲಿಲ್ಲ. ಓದಿಸಲು ಅಫ್ರೀನ ಹನ್ನೊಂದು ಸಾಲು ಪ್ರೋಗ್ರಾಂ ಬರೆದಳು.

ಅಧಿಕಾರಿ ಕುಬೇರಪ್ಪನವರು ಹನ್ನೊಂದೂ ಸಾಲು ನೋಡಿದರು. ಏನೂ ತಿಳಿಯಲಿಲ್ಲ. ಆದ್ದರಿಂದ ಕಡತ ತೆರೆದರು.

"ಎರಡನೇದು ಅಂದಮ್ಯಾಲೆ ಅಧೀನ ಸಿಬ್ಬಂದಿ ಆತಲ್ಲವಾ," ಎಂದರು. "ಕೆಲಸಕ್ಕ ಹಾಜರಾಗೇನಿ ಅಂತ ವರದಿ ಕೊಟ್ಟೈತೇನು?"

"ಅದು ಕಾರ್ಡರೀ ಸಾಹೇಬ್ರ."

"ಕಾರ್ಡ್ ಐತಿ ಅಂತ ನಿಯಮ ಬದಲಿ ಮಾಡಾಕ ಬರತೈತೇನು?"

ಚಹಾ ಹೀರುತ್ತಿದ್ದ ಗುಮಾಸ್ತ ಸಕ್ರಪ್ಪನಿಗೂ ಇದು ಖರೆ ಅನ್ನಿಸಿತು. ಕಾರ್ಡಿನ ಹೆಸರಿನಲ್ಲಿ ಸೇವಾಪುಸ್ತಕ ತೆರೆಯಲಾಯಿತು. ಅದು ಬಂದ ಡಬ್ಬಿಯ ಮೇಲಿದ್ದ ತಾರೀಖು ಜನ್ಮದಿನಾಂಕವಾಯಿತು. ಜಾತಿಯ ಕಾಲಮಿನ ಬಗ್ಗೆ ಎರಡು ದಿನ ಚರ್ಚೆ ನಡೆದು, "ಪರಿಶೀಲನೆಯಲ್ಲಿದೆ" ಎಂದು ಬರೆದರು. ವೈದ್ಯಕೀಯ ಯೋಗ್ಯತಾಪತ್ರ ಬೇಕಿತ್ತು. ಕಚೇರಿಗೆ ಬರುತ್ತಿದ್ದ ಡಾಕ್ಟರು ದನದ ಡಾಕ್ಟರೊಬ್ಬರೇ. ಅವರು ಕಾರ್ಡನ್ನು ತಿರುಗಿಸಿ ನೋಡಿ, ಕಾಲುಬಾಯಿ ಬೇನೆ ಇಲ್ಲವೆಂದು ಸಹಿ ಹಾಕಿದರು. ಅಷ್ಟರಲ್ಲಿ ಕರು ಅಂಗಳದ ತುಂಬ ಜಿಗಿದಾಡುತ್ತಿತ್ತು.

ಕೊನೆಗೆ ಆದೇಶ ಹೊರಬಿತ್ತು:

"ಎರಡನೇ ಗ್ರಾಫಿಕ್ಸ್ ಕಾರ್ಡ್ ಇವರು ಸೋಮವಾರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಮೊದಲನೇ ಕಾರ್ಡ್ ಇವರು ರಜೆಯಲ್ಲಿರುವಾಗ ಮಾತ್ರ ಪ್ರಭಾರ ವಹಿಸತಕ್ಕದ್ದು. ಈ ಕಚೇರಿಯಲ್ಲಿ ಇಬ್ಬರು ಏಕಕಾಲಕ್ಕೆ ಎಚ್ಚರವಾಗಿರತಕ್ಕದ್ದಲ್ಲ."

"ಜೋಡೆತ್ತಿನ ಗಾಡಿಗಿ ಒಂದ ಎತ್ತು ಹೂಡಿದ್ರ ಗಾಡಿ ಹೊಲಕ್ಕ ಹೋಗೂದಿಲ್ಲರಿ, ಗಟಾರಕ್ಕ ಹೋಗತೈತಿ," ಎಂದಳು ಅಫ್ರೀನ.

"ಎರಡೂ ಎದ್ದು ಕುಂತ್ರ ಚಾರ್ಜ್ ಯಾರ ಕಡಿ ಐತಿ ಅಂತ ಬರೀಲಿ?" ಕುಬೇರಪ್ಪನವರು ಶಾಂತವಾಗಿ ಕೇಳಿದರು.

ಎಮ್ಮೆ ಹೊರಗೆ ಬಂದರೆ ಸಾಕೆಂದು ಅಫ್ರೀನ ಹಲ್ಲು ಕಚ್ಚಿ ಹನ್ನೆರಡನೇ ಸಾಲು ಬರೆದಳು: ಎರಡನೆಯದು ಎದ್ದ ಕೂಡಲೇ ಮೊದಲನೆಯದು ಮಲಗಲಿ.

ಸೋಮವಾರ ಹೊರಗಿನ ಪರದೆ ಝಗ್ಗನೆ ಹೊತ್ತಿತು. "ನಂಬರ್ 1. ಮುತ್ತವ್ವ. ಎಮ್ಮೆ ಒಂದು." ಜನ ಚಪ್ಪಾಳೆ ತಟ್ಟಿದರು. ಬಿಡುಗಡೆ ಚೀಟಿ ತಯಾರಾಗಬೇಕಾದ ಒಳಗಿನ ಪರದೆ ಮಾತ್ರ ರಜೆಯಲ್ಲಿತ್ತು. ಕಾಣದ್ದನ್ನು ಬರೆಯುವುದು ಅಪ್ರಾಮಾಣಿಕತೆ ಎಂದು ಸಕ್ರಪ್ಪ ಕೈ ಕಟ್ಟಿ ಕೂತ. ಮರುದಿನ ಆದೇಶದಂತೆ ಹೊರಗಿನದನ್ನು ಮಲಗಿಸಿ ಒಳಗಿನದನ್ನು ಎಬ್ಬಿಸಿದರು. ಹೊರಗೆ ನಂಬರ್ ಅಳಿಸಿಹೋಯಿತು. ನಂಬರ್ ಇಲ್ಲದೆ ಚೀಟಿ ಇಲ್ಲ.

ಅಫ್ರೀನ ಮೇಜು ಕುಟ್ಟಿದಳು. ಮುದುಕಿಗೆ ಮಾತು ಕೊಟ್ಟಿದ್ದೇನೆ, ಎಮ್ಮೆ ಅವಳ ಮನೆಯಲ್ಲಿರಬೇಕು, ಇಲ್ಲದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದಳು. ಕುಬೇರಪ್ಪನವರು ಅವಳ ಮಾತನ್ನು ಅರ್ಜಿಯೆಂದು ದಾಖಲಿಸಿಕೊಂಡರು. ಅಂದು ಒಳಗಿನ ಪರದೆಯ ಪಾಳಿಯಾದ್ದರಿಂದ ಕೆಲಸ ಜಲ್ದಿ ಆಯಿತು:

"ಮುತ್ತವ್ವ ಇವರ ವಾಸದ ವಿಳಾಸವನ್ನು ಕೊಂಡವಾಡಕ್ಕೆ ಬದಲಾಯಿಸಿದೆ. ಸ್ಥಳ ಪರಿಶೀಲಿಸಲಾಗಿ ಎಮ್ಮೆಯು ಸದರಿಯವರ ಮನೆಯಲ್ಲಿಯೇ ಇರುವುದು ಕಂಡುಬಂದಿದೆ. ಅರ್ಜಿ ಇತ್ಯರ್ಥ."

ಮುತ್ತವ್ವ ಗಂಟು ಮೂಟೆ ತಂದು ದೊಡ್ಡಿಯ ಮೂಲೆಯಲ್ಲಿ ಒಲೆ ಹೂಡಿದಳು. ಎಮ್ಮೆ ಅವಳ ಕೈಗೆ ಮೊದಲಿಗಿಂತ ಒಂದು ಸೇರು ಹೆಚ್ಚಿಗೆ ಹಾಲು ಕೊಟ್ಟಿತು. ಕಚೇರಿಯ ಚಹಾ ಈಗ ಅವಳೇ ಕಾಸುತ್ತಾಳೆ.

ಹೊರಡುವಾಗ ಅಫ್ರೀನಳಿಗೂ ಒಂದು ಕಪ್ ಚಹಾ ಬಂತು. ಅವಳು ತಲೆ ಎತ್ತಲಿಲ್ಲ.

"ಕುಡಿಯವ್ವಾ," ಎಂದಳು ಮುತ್ತವ್ವ. "ಎಮ್ಮಿ ಮನಿಯಾಗ ಐತಿ. ನಿನ್ನ ಮಾತು ಉಳೀತು."

ಅಫ್ರೀನ ಕುಡಿದಳು. ಚಹಾ ನಿಜಕ್ಕೂ ಚಲೋ ಇತ್ತು.